ರಿಲೀವಿಂಗ್ ಲೆಟರ್ ಕೊಡವಲ್ರು, ಒಡಿಶಾಕ್ಕ ಹೋಗೋ ದಿನ ಹತ್ರ ಬಂತು, ಏನ್ ಮಾಡ್ಲಿ?

ಕಿಲ್ನ್_ಕೊಪ್ಪಳ:

ನಮಸ್ಕಾರ್ರೀ ಎಲ್ರಿಗೂ. ಉದ್ದ ಬರಿಯಾಕತ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ, ಮನ್ಯಾಗ ಹೇಳಿ ಹೇಳಿ ಅವ್ರಿಗೂ ಸಾಕಾಗೇತಿ.

ನಾನು ಗಿಣಿಗೇರಿ ಕಡೆ ಒಂದು ಸ್ಪಾಂಜ್ ಐರನ್ ಪ್ಲಾಂಟ್‌ನ್ಯಾಗ ಕಿಲ್ನ್ (ಅದಿರು ಕಾಸೋ ದೊಡ್ಡ ಭಟ್ಟಿ) ಶಿಫ್ಟ್ ಇನ್‌ಚಾರ್ಜ್ ಇದ್ದೆ, 2019ರಾಗ ಸೇರಿದ್ದು. ಈಗ ಒಡಿಶಾದ ಕಳಿಂಗನಗರದಾಗ ಕೆಲ್ಸ ಸಿಕ್ಕೇತಿ, ಪಗಾರ ಚಲೋ ಐತಿ, ಕ್ವಾರ್ಟರ್ಸ್ ಕೊಡ್ತಾರ, ಹೋಗೋದಂತೂ ಪಕ್ಕಾ. ರಾಜೀನಾಮೆ ಕೊಟ್ಟೆ, ಆಕ್ಸೆಪ್ಟ್ ಆತು, ಮೇಲ್ ಬಂತು, ನೋಟಿಸ್ ಪೀರಿಯಡ್ ಒಂದು ದಿನಾನೂ ಬಿಡದಂಗ ಪೂರ್ತಿ ಮಾಡಿದೆ, ಕಡೀ ದಿನ ಶಿಫ್ಟಿನ ಹುಡುಗ್ರು ಹಾರ ಹಾಕಿ ಫೋಟೋ ತಗದು ಮಿರ್ಚಿ ಚಹಾ ಕೊಡ್ಸಿ ಕಳಿಸಿದ್ರು. ಅಲ್ಲಿಗೆ ಮುಗೀತು ಅನ್ಕೊಂಡೆ. ಎಲ್ಲಿ ಮುಗೀತ್ರಿ? ಕೆಲ್ಸದಿಂದ ಬಿಡುಗಡೆ ಮಾಡೇವಿ ಅನ್ನೋ ರಿಲೀವಿಂಗ್ ಲೆಟರ್ ಇವತ್ತಿಗೂ ಕೈಗೆ ಬಂದಿಲ್ಲ.

ಸೈಟ್ ಎಚ್‌ಆರ್‌ಗೆ ಕೇಳಿದ್ರ "ಹೆಡ್ ಆಫೀಸಿಂದ ಬರ್ಬೇಕ್ರೀ, ನಮ್ಮ ಕೈಯಾಗ ಏನಿಲ್ಲ" ಅಂತಾರ. ಹೆಡ್ ಆಫೀಸಿಗೆ ಫೋನ್ ಹಚ್ಚಿದ್ರ "ನಿಮ್ಮ ನೋ ಡ್ಯೂಸ್ ಪೂರ್ತಿ ಆಗಿಲ್ಲ, ಸೈಟಿಗೆ ಕೇಳ್ರಿ" ಅಂತಾರ. ಏನೂ ಬಾಕಿ ಇಲ್ಲ ಅನ್ನೋ ಆ ನೋ ಡ್ಯೂಸ್ ಹಾಳಿ ಹಿಡ್ಕೊಂಡು ಟೈಮ್ ಆಫೀಸ್, ಕ್ಯಾಂಟೀನ್, ಸೇಫ್ಟಿ, ಐಟಿ, ಅಕೌಂಟ್ಸ್ ಎಲ್ಲಾ ಸುತ್ತಿ ಸೈನ್ ಹಾಕ್ಸೀನಿ, ಸ್ಟೋರ್ಸ್‌ನ್ಯಾಗ ಬಂದು ನಿಂತೈತಿ. ಯಾಕಪ್ಪಾ ಅಂದ್ರ ಕಿಲ್ನ್ ಶೆಲ್ಲಿನ ಟೆಂಪರೇಚರ್ ನೋಡೋ ಗನ್ ಒಂದು ಐತಲ್ಲ, ಅದು ರಿಜಿಸ್ಟರ್‌ನ್ಯಾಗ ನನ್ನ ಹೆಸರಿಗೆ ಐತಿ. ಗನ್ ಎಲ್ಲೂ ಹೋಗಿಲ್ರಿ, ನನ್ನ ಜಾಗಕ್ಕ ಬಂದಾವ ದಿನಾ ಅದನ್ನ ಹಿಡ್ಕೊಂಡ ಶಿಫ್ಟ್ ಮಾಡಾಕತ್ತಾನ, ಸ್ಟೋರ್ ಕೀಪರ್ರೂ ನೋಡ್ಯಾರ. ಆದ್ರ ರೂಲ್ ಏನಂದ್ರ ಮೊದ್ಲು ನಾನು ವಾಪಸ್ ಜಮಾ ಮಾಡ್ಬೇಕಂತ, ಆಮ್ಯಾಲೆ ಅವನ ಹೆಸರಿಗೆ ಹೊಸ ಇಂಡೆಂಟ್ (ಸಾಮಾನು ಬೇಡಿಕೆ ಚೀಟಿ) ಹಾಕ್ಬೇಕಂತ, ಇಂಡೆಂಟಿಗೆ ಎಚ್‌ಒಡಿ (ಡಿಪಾರ್ಟ್‌ಮೆಂಟ್ ಮುಖ್ಯಸ್ಥರ) ಸೈನ್ ಬೇಕು, ಎಚ್‌ಒಡಿ ಸಾಹೇಬ್ರು ಮಗಳ ಮದುವಿ ಅಂತ ರಜಾ ಹೋಗ್ಯಾರ. ಸೈನ್ ಇಲ್ದ ಹೊಸಬನ ಕೈಗೆ ಗನ್ ಕೊಡಂಗಿಲ್ಲ, ಗನ್ ಇಲ್ದ ಅವ ಒಂದು ಶಿಫ್ಟೂ ನಡಸಂಗಿಲ್ಲ, ಅದಕ್ಕ ಅವ ಗನ್ ಬಿಡವಲ್ಲ. ಪಾಪ ಅವಂದೇನು ತಪ್ಪೈತಿ.

ಈ ಕಡೆ ಹೊಸ ಕಂಪನಿಯವ್ರು ಮ್ಯಾಲಿಂದ ಮ್ಯಾಲೆ ಮೇಲ್ ಹಾಕಾಕತ್ತಾರ, ರಿಲೀವಿಂಗ್ ಲೆಟರ್ ಅಪ್‌ಲೋಡ್ ಮಾಡ್ರಿ ಅಂತ. ಜಾಯ್ನಿಂಗ್ ಡೇಟ್ ಮುಂದ ಹಾಕ್ರಿ ಅಂತ ಕೇಳಿದ್ದಕ್ಕ ಹಾಕ್ಯಾರ, ಇನ್ನೊಮ್ಮೆ ಕೇಳಾಕ ಮುಖ ಇಲ್ಲ. ಮನಿ ಮಾಲಕರಿಗೆ ಖಾಲಿ ಮಾಡ್ತೀವಿ ಅಂತ ಹೇಳಿ ಆಗೇತಿ, ಅವ್ರು ಬ್ಯಾರೆಯವ್ರ ಕಡೆ ಅಡ್ವಾನ್ಸ್ ಇಸ್ಕೊಂಡಾರ. ಮಗ ಎರಡನೇ ಕ್ಲಾಸ್, ಇಲ್ಲಿ ಸಾಲಿ ಶುರು ಆತು, ಟಿಸಿ ತಗೀಲೋ ಬ್ಯಾಡೋ ಗೊತ್ತಾಗವಲ್ದು, ತಗದ ಮ್ಯಾಲೆ ಲೆಟರ್ ಬರ್ಲಿಲ್ಲಂದ್ರ? ಇದ್ರ ಮ್ಯಾಲೆ ನಮ್ಮವ್ವಂದು ಬ್ಯಾರೆ. ಅಧಿಕ ಮಾಸದಾಗ ಮನಿ ಬದ್ಲಿ ಮಾಡಬ್ಯಾಡ್ರಿ ಅಂತಾಳ, ಅದು ಜೂನ್ ನಡಬರಕ್ಕ ಮುಗೀತೈತಿ, ಸರಿ ಅಂದೆ. ಅದು ಮುಗಿದ ಮ್ಯಾಲೆ ಲಗೂನ ಹೋಗಿ ಹಾಲು ಉಕ್ಕಿಸ್ರಿ, ಆಷಾಢ ಹತ್ತಿತಂದ್ರ ಮತ್ತ ಬ್ಯಾಡ ಅಂತಾಳ. ಅಂದ್ರ ನಡುವ ನಿಜ ಜ್ಯೇಷ್ಠ ಒಂದ ತಿಂಗಳ ನನಗ ಗಂಟು. ಕಂಪನಿಯವ್ರಿಗೆ ಇದನ್ನ ಹ್ಯಾಂಗ ಹೇಳ್ಲಿ.

ಲೆಟರ್ ಇಲ್ದ ಅಲ್ಲಿ ಸೇರಾಕ ಬರ್ತೈತೇನು? ಪಿಎಫ್‌ನ್ಯಾಗ ಎಕ್ಸಿಟ್ ಡೇಟ್ ಸುದ್ದಾ ಹಾಕಿಲ್ಲ, ಅದರಿಂದ ಏನಾರ ತ್ರಾಸ ಆಗ್ತೈತೇನು? ಕಡೀ ತಿಂಗಳ ಪಗಾರ, ರಜಾದ ರೊಕ್ಕ, ಗ್ರಾಚ್ಯುಟಿ ಎಲ್ಲಾ "ಫುಲ್ ಅಂಡ್ ಫೈನಲ್‌ನ್ಯಾಗ ಬರ್ತೈತಿ" ಅಂತಾರ, ಎಂದು ಅಂತ ಕೇಳಿದ್ರ ನಗ್ತಾರ. ಗೊತ್ತಿದ್ದವ್ರು ಹೇಳ್ರಿ.

ಮಿರ್ಚಿಭಜಿ_37:

ಅಣ್ಣಾ ಗನ್ ಕಥಿ ಓದಿ ನಗು ಬಂತು, ಆಮ್ಯಾಲೆ ನಂದೂ ಹಿಂಗ ಆಗಿದ್ದು ನೆನಪಾಗಿ ನಗು ಹೋತು. ನನ್ನ ಹೆಸರಿಗೆ ಯಾರೋ ತಗೊಂಡ್ ಹೋದ ಸೇಫ್ಟಿ ಬೆಲ್ಟ್ ಬರದಿದ್ರು, ಅದು ಯಾವ ಕಾಲಕ್ಕ ಹರದು ಗುಜರಿಗೆ ಹೋಗಿತ್ತು.

ಒಂದ್ ಕೆಲ್ಸ ಮಾಡು. ಶಿಫ್ಟ್ ಚೇಂಜ್ ಟೈಮಿಗೆ ಹೋಗು, ಆವಾಗ ಗನ್ ಒಂದರ್ಧ ತಾಸು ಖಾಲಿ ಇರ್ತೈತಿ. ಹೊಸ ಹುಡುಗನ್ನ ಜೋಡಿ ಕರ್ಕೊಂಡು ಸ್ಟೋರಿಗೆ ಹೋಗು, ಕೌಂಟರ್ ಮ್ಯಾಲೆ ಗನ್ ಇಡು, ರಿಟರ್ನ್ ಅಂತ ಎಂಟ್ರಿ ಹಾಕಿಸು, ನಿನ್ನ ಸೈನ್ ಅವ್ರ ಸೈನ್ ಎರಡೂ ಆದ ಮ್ಯಾಲೆ ಆ ರಿಜಿಸ್ಟರ್ ಹಾಳಿದು ಫೋಟೋ ಹೊಡ್ಕೊ. ಅಲ್ಲಿಗೆ ನಿಂದು ಮುಗೀತು. ಆಮ್ಯಾಲೆ ಅದನ್ನ ಅವನಿಗೆ ಟೆಂಪರರಿ ಸ್ಲಿಪ್ ಮ್ಯಾಲೆ ಕೊಡೋದು ಸ್ಟೋರಿನವ್ರಿಗೂ ಅವನಿಗೂ ಬಿಟ್ಟಿದ್ದು, ಎಚ್‌ಒಡಿ ಇಲ್ಲಂದ್ರ ಚಾರ್ಜ್‌ನ್ಯಾಗ ಇದ್ದವ್ರು ಯಾರಾರ ಸೈನ್ ಹಾಕ್ತಾರ, ಕಿಲ್ನ್ ಏನು ಸಾಹೇಬ್ರ ಮಗಳ ಮದುವಿಗಂತ ನಿಲ್ಲಂಗಿಲ್ಲಲ್ಲ. ನೀನು "ಗನ್ ಅವನ ಹತ್ರ ಐತ್ರೀ" ಅಂತ ಬಾಯಿಲೆ ಹೇಳ್ಕೊಂತ ಅಡ್ಡಾಡಿದ್ರ ಯಾರೂ ಕೇಳಂಗಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಹೋಗಬ್ಯಾಡ.

ಎಚ್‌ಆರ್_ರಾಯಚೂರು:

ನಾನು ಎಚ್‌ಆರ್‌ನಲ್ಲೇ ಕೆಲಸ ಮಾಡ್ತೀನಿ, ಬೇರೆ ಲೈನ್, ಬೇರೆ ಕಂಪನಿ. ಬೈಯೋರು ಬೈರಿ, ಆದ್ರೆ ಒಳಗೆ ಏನ್ ನಡೀತದೆ ಅಂತ ಹೇಳ್ತೀನಿ ಕೇಳ್ರಿ.

ಸೈಟ್ ಎಚ್‌ಆರ್ "ನಮ್ಮ ಕೈಯಾಗಿಲ್ಲ" ಅಂದಿದ್ದು ಬಹಳ ಸಲ ನಿಜಾನೇ ಇರ್ತದೆ. ಲೆಟರ್‌ಗೆ ಸೈನ್ ಮಾಡೋ ಅಧಿಕಾರ ಹೆಡ್ ಆಫೀಸಲ್ಲಿ ಒಬ್ಬರಿಗೋ ಇಬ್ಬರಿಗೋ ಇರ್ತದೆ, ಅವ್ರ ಸಿಸ್ಟಮ್ಮಲ್ಲಿ ನೋ ಡ್ಯೂಸ್ ಪೂರ್ತಿ ಟಿಕ್ ಆಗೋವರೆಗೂ ನಿಮ್ಮ ಹೆಸರು ಪೆಂಡಿಂಗ್ ಲಿಸ್ಟಲ್ಲೇ ಕಾಣ್ಸಲ್ಲ. ಇನ್ನೊಂದು, ರಿಲೀವಿಂಗ್ ಲೆಟರ್ ಬೇರೆ, ಲೆಕ್ಕ ಚುಕ್ತಾ ಮಾಡೋದು ಬೇರೆ. ಎರಡನ್ನೂ ಒಟ್ಟಿಗೆ ಕೊಡ್ಬೇಕು ಅಂತ ಎಲ್ಲೂ ಇಲ್ಲ, ನಮಗೆ ಅನುಕೂಲ ಅಂತ ನಾವೇ ಗಂಟು ಹಾಕಿಟ್ಟಿರ್ತೀವಿ, ಯಾಕಂದ್ರೆ ಲೆಟರ್ ಕೊಟ್ಟುಬಿಟ್ರೆ ಆಮೇಲೆ ಬಾಕಿ ವಸೂಲಿ ಮಾಡೋಕೆ ಮನುಷ್ಯ ಸಿಗಲ್ಲ ಅನ್ನೋ ಭಯ. ಅದಕ್ಕೆ ನೀವು ಮೇಲಲ್ಲಿ ಎರಡನ್ನೂ ಬಿಡಿಸಿ ಕೇಳಿ. ಗನ್ ವಾಪಸ್ ಆಗ್ಲಿಲ್ಲ ಅಂದ್ರೆ ಅದರ ಬೆಲೆ ಫೈನಲ್ ಲೆಕ್ಕದಲ್ಲಿ ಹಿಡ್ಕೊಳ್ಳಿ, ಲೆಟರ್ ಮೊದಲು ಕೊಡಿ ಅಂತ ಬರೀರಿ. ಇದನ್ನ ಬರೆದ್ರೆ ಅರ್ಧ ಕೇಸಲ್ಲಿ ಗನ್ ತಾನಾಗೇ ಸಿಗ್ತದೆ.

ಮೇಲ್ ಬರೆಯೋದೂ ಒಂದು ವಿದ್ಯೆನೇ ರೀ. ದೊಡ್ಡ ಕಥೆ ಬರೀಬೇಡಿ, ಮಗನ ಶಾಲೆ, ಅಮ್ಮ, ಆಷಾಢ ಏನೂ ಬೇಡ. ಎಂಪ್ಲಾಯಿ ಕೋಡ್, ರಾಜೀನಾಮೆ ಕೊಟ್ಟ ತಾರೀಕು, ಕೊನೇ ದಿನದ ತಾರೀಕು, ಆಕ್ಸೆಪ್ಟ್ ಆದ ಮೇಲ್ ಜೊತೆಗೆ ಹಚ್ಚಿ, ಇಂಥ ದಿನದೊಳಗೆ ಬೇಕು ಅಂತ ಒಂದು ತಾರೀಕು. ಸೈಟ್, ಹೆಡ್ ಆಫೀಸ್ ಇಬ್ಬರನ್ನೂ ಒಂದೇ ಮೇಲಲ್ಲಿ ಹಾಕಿ, ಆಗ "ಅವ್ರಿಗೆ ಕೇಳ್ರಿ" ಅನ್ನೋಕೆ ಜಾಗ ಇರಲ್ಲ.

ಹೊಸ ಕಂಪನಿ ವಿಷಯ. ಲೆಟರ್ ಇಲ್ದೇನೂ ಬಹಳ ಕಡೆ ಸೇರಿಸ್ಕೋತಾರೆ. ರಾಜೀನಾಮೆ ಆಕ್ಸೆಪ್ಟ್ ಆದ ಮೇಲು, ಕೊನೇ ಮೂರು ತಿಂಗಳ ಪೇಸ್ಲಿಪ್, ಇಷ್ಟು ದಿನದೊಳಗೆ ರಿಲೀವಿಂಗ್ ಲೆಟರ್ ತಂದುಕೊಡ್ತೀನಿ ಅಂತ ಒಂದು ಅಂಡರ್‌ಟೇಕಿಂಗ್. ಡೇಟ್ ಮುಂದೆ ಹಾಕಿ ಅಂತ ಕೇಳೋ ಬದಲು ಇದನ್ನ ಕೇಳ್ರಿ, ಮತ್ತೆ ಒಪ್ಪಿದ್ರು ಅಂದ್ರೆ ಫೋನಲ್ಲಿ ಸಾಲದು, ಮೇಲಲ್ಲಿ ಬರಬೇಕು. ಒಂದೂವರೆ ಸಾವಿರ ಕಿಲೋಮೀಟರ್ ಹತ್ತಿರ ಹೋಗಿ ಗೇಟಲ್ಲಿ ನಿಂತ್ಕೊಂಡು "ಸಾರ್ ಹೇಳಿದ್ರು" ಅಂದ್ರೆ ಗೇಟ್ ಪಾಸ್ ಸಿಗಲ್ಲ.

ಪಿಎಫ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಎಕ್ಸಿಟ್ ಡೇಟ್ ಅವ್ರು ಹಾಕ್ಲಿಲ್ಲ ಅಂದ್ರೆ, ಕೊನೇ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಮೆಂಬರ್ ಪೋರ್ಟಲ್‌ನಲ್ಲಿ ಮಾರ್ಕ್ ಎಕ್ಸಿಟ್ ಅಂತ ಇದೆ, ಆಧಾರ್ ಒಟಿಪಿ ಹಾಕಿ ನೀವೇ ಹಾಕ್ಕೋಬಹುದು. ತಾರೀಕು ಸರಿಯಾಗಿ ನೋಡ್ಕೊಂಡು ಹಾಕಿ. ಅಲ್ಲಿ ಸೇರುವಾಗ ಪಿಎಫ್‌ನ ಹಳೇ ಯುಎಎನ್ ನಂಬರೇ ಕೊಡಿ, ಹೊಸದು ಮಾಡಿಸ್ಕೊಂಡು ಎರಡಾದ್ರೆ ಆಮೇಲೆ ಪಡಬಾರದ ಪಾಡು ಪಡ್ತೀರಿ. ಆಧಾರ್ ಜೋಡಣೆ ಆಗಿದ್ರೆ ಟ್ರಾನ್ಸ್‌ಫರ್‌ಗೆ ಈಗ ಬಹುತೇಕ ಹಳೇ ಕಂಪನಿ ಒಪ್ಪಿಗೆ ಬೇಕಿಲ್ಲ, 2025ರಿಂದ ಸುಲಭ ಮಾಡಿದ್ದಾರೆ. ರೊಕ್ಕ ಬಿಡಿಸ್ಕೊಳ್ಳೋಕೆ ಮಾತ್ರ ಹೋಗ್ಬೇಡಿ, ಪೆನ್ಶನ್‌ಗೆ 10 ವರ್ಷ ಸರ್ವಿಸ್ ಬೇಕು, ನಿಮ್ದು ಅರ್ಧಕ್ಕಿಂತ ಜಾಸ್ತಿ ಆಗೋಗಿದೆ.

ಸಂಡೂರ್_ಕೆಂಪ್‌ಮಣ್ಣು:

ಏನ್ರೀ ಎಲ್ಲಾರೂ ಮೇಲ್ ಹಾಕು ಮೇಲ್ ಹಾಕು ಅಂತೀರ. ಕಾನೂನು ಅಂತ ಒಂದೈತೆ. 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್ ಜಾರಿ ಆಗೈತೆ, ವೇತನ ಸಂಹಿತೆ ಒಳಗೆ ಸಾಫ್ ಬರೆದಾರೆ, ರಾಜೀನಾಮೆ ಕೊಟ್ಟು ಬಿಟ್ಟವ್ರಿಗೆ ಬರಬೇಕಾದ ಪಗಾರ ಎರಡು ವರ್ಕಿಂಗ್ ಡೇ ಒಳಗೆ ಕೊಡಬೇಕು ಅಂತ. ಎರಡು ದಿನ! ನಿಮ್ಮವ್ರು ನಗ್ತಾರಂತೆ. ನಗಲಿ, ಲೇಬರ್ ಆಫೀಸಿಗೆ ಒಂದು ಅರ್ಜಿ ಹಾಕಿ, ಆಮೇಲೆ ಯಾರು ನಗ್ತಾರೆ ನೋಡೋಣ.

ಗ್ರಾಚ್ಯುಟಿನೂ ಅವ್ರ ಭಿಕ್ಷೆ ಅಲ್ಲ. ಐದು ವರ್ಷ ದಾಟಿದ್ರೆ ನಿಮ್ಮ ಹಕ್ಕು, 30 ದಿನದೊಳಗೆ ಕೊಡಬೇಕು, ತಡ ಮಾಡಿದ್ರೆ ಬಡ್ಡಿ ಸೇರಿಸಿ ಕೊಡಬೇಕು. ಲೆಕ್ಕ ಹೆಂಗಪ್ಪಾ ಅಂದ್ರೆ ಬೇಸಿಕ್ಕು ಡಿಎ ಕೂಡಿಸಿ 15ರಿಂದ ಗುಣಿಸಿ 26ರಿಂದ ಭಾಗಿಸಿ ವರ್ಷದಿಂದ ಗುಣಿಸೋದು. ಆರು ವರ್ಷ ಆಗಿ ಮೇಲೆ ಆರು ತಿಂಗಳು ದಾಟಿದ್ರೆ ಏಳು ವರ್ಷ ಅಂತಾನೇ ಹಿಡೀಬೇಕು, ಇದನ್ನ ಬಹಳ ಕಡೆ ನುಂಗಿ ಹಾಕ್ತಾರೆ. ಬೇಸಿಕ್ 22,000 ಅಂತ ಇಟ್ಕೊಳ್ರಿ, ಏಳು ವರ್ಷಕ್ಕೆ 88,846 ರೂಪಾಯಿ ಬರ್ತೈತೆ, ಆರು ಅಂತ ಹಿಡಿದ್ರೆ 76,154. ಹನ್ನೆರಡು ಸಾವಿರದ ಮೇಲೆ ವ್ಯತ್ಯಾಸ, ಲಾರಿ ಬಾಡಿಗೆಗೆ ಒಂದು ಕೈ ಆಸರೆ ಆಗ್ತೈತೆ. ಅರ್ಜಿ ಬರೆದು ಕೊಟ್ಟು ಅಕ್ನಾಲೆಜ್‌ಮೆಂಟ್ ಸೀಲ್ ಹಾಕಿಸ್ಕೊಳ್ರಿ.

ಕಿಲ್ನ್_ಕೊಪ್ಪಳ:

ಸಂಡೂರ್ ಅಣ್ಣ, ಲೆಕ್ಕ ಹೇಳಿದ್ದಕ್ಕ ಭಾಳ ಥ್ಯಾಂಕ್ಸ್, ನಂದು ಆರು ವರ್ಷ ಎಂಟು ತಿಂಗಳು, ಅವ್ರು ಬಾಯಿಲೆ ಆರು ಅಂತ ಹೇಳಿದ್ರು, ನಾನೂ ಇರಬೇಕು ಅನ್ಕೊಂಡು ಸುಮ್ಮನಿದ್ದೆ.

ಲೇಬರ್ ಆಫೀಸಿಗೆ ಮಾತ್ರ ಈಗ ಬ್ಯಾಡ್ರಿ. ನಮ್ಮ ಕಾಕಾನ ಮಗ ಅದ ಪ್ಲಾಂಟ್‌ನ್ಯಾಗ ಪ್ಯಾಕಿಂಗ್ ಸೆಕ್ಷನ್‌ನ್ಯಾಗ ಅದಾನ, ನಾನ ಹಚ್ಚಿದ್ದು. ನಾನು ಅರ್ಜಿ ಹಾಕಿ ರೈಲ್ ಹತ್ತಿ ಹೋಗ್ಬಿಡ್ತೀನಿ, ಮಾರನೇ ದಿನ ಅವನ ಡ್ಯೂಟಿ ಎಲ್ಲಿ ಹಾಕ್ತಾರಂತ ಗೊತ್ತಲ್ಲ ನಿಮಗ, ಬಿಸ್ಲಾಗ ಕಲ್ಲಿದ್ದಲ ಯಾರ್ಡ್‌ನ್ಯಾಗ ನಿಲ್ಲಿಸ್ತಾರ. ಮತ್ತ ಹೊಸ ಕಂಪನಿಯವ್ರು ವೆರಿಫಿಕೇಶನ್‌ಗೆ ಇವ್ರಿಗೇ ಫೋನ್ ಮಾಡ್ತಾರ.

ಸಂಡೂರ್_ಕೆಂಪ್‌ಮಣ್ಣು:

ಇದೇ ನೋಡ್ರಿ ಅವ್ರಿಗೆ ಬಲ. ಪ್ರತಿಯೊಬ್ಬಂದೂ ಒಬ್ಬ ತಮ್ಮ ಒಳಗಿರ್ತಾನೆ.

ಎಚ್‌ಆರ್_ರಾಯಚೂರು:

ಸಂಡೂರಿನವ್ರು ಹೇಳಿದ ಕಾನೂನು ಸರಿನೇ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಇವ್ರಿಗೆ ಈಗ ಬೇಕಾಗಿರೋದು ಒಂದು ಹಾಳೆ, ರೊಕ್ಕ ಎರಡು ತಿಂಗಳು ತಡ ಆದ್ರೂ ಸಾಯಲ್ಲ. ದೂರು ಕೊಟ್ಟ ದಿನದಿಂದ ಆ ಫೈಲು ಎಚ್‌ಆರ್ ಟೇಬಲ್ ಬಿಟ್ಟು ಲೀಗಲ್ ಟೇಬಲ್‌ಗೆ ಹೋಗ್ತದೆ, ಆಮೇಲೆ ಒಂದು ಸಾಲು ಬರೀಬೇಕಂದ್ರೂ ಅವ್ರು ವಕೀಲರನ್ನ ಕೇಳ್ತಾರೆ. ಲೆಟರ್ ಕೈಗೆ ಬರಲಿ, ಅಲ್ಲಿ ಸೇರ್ಕೊಳ್ಳಿ, ಆಮೇಲೂ ಗ್ರಾಚ್ಯುಟಿ ಕೊಡ್ಲಿಲ್ಲ ಅಂದ್ರೆ ಧಾರಾಳವಾಗಿ ಹಾಕಿ.

ಜಾಜ್‌ಪುರ_ಜೋಳದರೊಟ್ಟಿ:

ನಾನು ಬಳ್ಳಾರಿಯವ, ಅದೇ ಕಳಿಂಗನಗರ ಕಡೆ ಇದೀನಿ, ಸುಮಾರು ವರ್ಷ ಆಯ್ತು. ಬರ್ರಿ ಬರ್ರಿ, ನಮ್ಮ ಕಡೆಯವ್ರು ಬಹಳ ಜನ ಇದಾರೆ ಇಲ್ಲಿ, ತೋರಣಗಲ್ಲಿಂದ ಬಂದವ್ರೇ ಒಂದು ಗುಂಪೈತೆ.

ಲೆಟರ್ ವಿಷಯ ಎಲ್ಲಾ ಹೇಳ್ಯಾರೆ, ನಾನು ಬೇರೆ ಹೇಳ್ತೀನಿ. ರೈಲು ಅಂದ್ರೆ ಅಮರಾವತಿ ಎಕ್ಸ್‌ಪ್ರೆಸ್, ವಾಸ್ಕೋದಿಂದ ಹೌರಾದ ಶಾಲಿಮಾರ್ ಸ್ಟೇಷನ್‌ಗೆ ಹೋಗೋದು, ಹೊಸಪೇಟೆ ಬಳ್ಳಾರಿ ಗುಂತಕಲ್ ವಿಜಯವಾಡ ಮೇಲೆ ಬರ್ತೈತೆ, ದಿನಾ ಇಲ್ಲ, ವಾರಕ್ಕೆ ನಾಲ್ಕೇ ದಿನ. ಭುವನೇಶ್ವರದಾಗೆ ಇಳಿದ್ರೆ ಅಲ್ಲಿಂದ ನೂರು ಕಿಲೋಮೀಟರ್ ಹತ್ರತ್ರ. ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗ್ತೈತೆ, ಕೊನೇ ಗಳಿಗೇಲಿ ಸಿಗೋ ಮಾತೇ ಇಲ್ಲ. ಲೆಟರ್ ಬರೋ ತನಕ ಟಿಕೆಟ್ ಮಾಡಲ್ಲ ಅಂತ ಕುಂತ್ರೆ ಲೆಟರ್ ಬಂದ ಮೇಲೆ ವೇಟಿಂಗ್ ಲಿಸ್ಟ್ ಹಿಡ್ಕೊಂಡು ಕುಂತಿರ್ತೀರ. ಎರಡು ಬೇರೆ ತಾರೀಕಿಗೆ ಮಾಡಿಸಿ ಒಂದು ಕ್ಯಾನ್ಸಲ್ ಮಾಡಿ, ಹೋದ್ರೆ ಸ್ವಲ್ಪ ರೊಕ್ಕ ಹೋಗ್ತೈತೆ.

ಬೈಕ್ ತರಂಗಿದ್ರೆ ರೈಲ್ ಪಾರ್ಸಲ್‌ಗೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಕೊಡಬೇಕು, ಆರ್‌ಸಿ ಕಾಪಿ ಬೇಕು. ಕೆಎ 37 ನಂಬರ್ ಒಂದು ವರ್ಷ ನಡೀತೈತೆ, ಅದರ ಮೇಲೆ ಇಡಂಗಿದ್ರೆ ಇಲ್ಲಿ ರಿಜಿಸ್ಟ್ರೇಶನ್ ಮಾಡಿಸ್ಬೇಕು, ಅದಕ್ಕೆ ಕೊಪ್ಪಳ ಆರ್‌ಟಿಒ ಎನ್‌ಒಸಿ ಬೇಕು, ಲೋನ್ ಇದ್ರೆ ಬ್ಯಾಂಕಿಂದೂ. ಊರಿಗೆ ಮತ್ತೆ ಬಂದಾಗ ಮಾಡಿಸ್ತೀನಿ ಅಂದ್ರೆ ಆ ರಜಾ ಪೂರ್ತಿ ಆರ್‌ಟಿಒ ಮುಂದೇನೇ ಹೋಗ್ತೈತೆ.

ಮಗನ ಟಿಸಿ ಬಗ್ಗೆ ಹೆದರಬ್ಯಾಡ್ರಿ. ಇಲ್ಲಿ ಸಾಲಿ ವರ್ಷ ಏಪ್ರಿಲ್‌ನಾಗೇ ಶುರು ಆಗ್ತೈತೆ, ನಡುವೆ ಬೇಸಿಗೆ ರಜಾ ಕೊಡ್ತಾರೆ, ಹೆಂಗೂ ನೀವು ನಡುವೇನೇ ಸೇರಿಸ್ಬೇಕು, ಒಂದೆರಡು ವಾರ ಹೆಚ್ಚು ಕಮ್ಮಿ ಆದ್ರೆ ಏನೂ ಆಗಲ್ಲ. ಟಿಸಿ ಮೇಲೆ ಬಿಇಒ ಆಫೀಸಿನ ಮೇಲು ರುಜು ಮಾಡಿಸ್ಕೊಂಡೇ ಬರ್ರಿ, ಬೇರೆ ರಾಜ್ಯ ಅಂದ್ರೆ ಇಲ್ಲಿ ಕೇಳ್ತಾರೆ. ಟಿಸಿ ಎಲ್ಲಾ ಕನ್ನಡದಾಗೇ ಇದ್ರೆ ಇಂಗ್ಲಿಷ್‌ನಾಗೆ ಕೊಡ್ರಿ ಅಂತ ಕೇಳ್ರಿ.

ಇನ್ನೊಂದು ಯಾರೂ ಹೇಳಲ್ಲ, ನನಗೂ ಯಾರೂ ಹೇಳಿರ್ಲಿಲ್ಲ. ಕಲ್ಯಾಣ ಕರ್ನಾಟಕದವ್ರ 371ಜೆ ಸರ್ಟಿಫಿಕೇಟ್. ಮಗ ಮುಂದೆ ಇಂಜಿನಿಯರಿಂಗೋ ಮೆಡಿಕಲ್ಲೋ ನಮ್ಮ ಭಾಗದ ಕೋಟಾದಾಗೆ ಕೇಳಂಗಿದ್ರೆ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಂದ ಅರ್ಹತಾ ಪತ್ರ ಬೇಕು. ನಿಮ್ಮ ಸಾಲಿ ದಾಖಲೆ, ಊರಿನ ವಾಸದ ದಾಖಲೆ ಎಲ್ಲಾ ಅಲ್ಲೇ ಇರೋವಾಗ ನಿಮ್ದೂ ಮಗಂದೂ ಮಾಡಿಸಿಟ್ಕೊಂಡ್ಬಿಡ್ರಿ. ಲೆಟರ್‌ಗಂತ ಹೆಂಗೂ ಕಾಯ್ತಾ ಇದೀರಲ್ಲ, ಆ ಟೈಮಿಗೆ ಇದಾಗ್ಲಿ.

ಜೋಳದ ಹಿಟ್ಟು ಇಲ್ಲಿ ಸಿಗೋದು ಕಷ್ಟ, ಅನ್ನಾನೇ ಎಲ್ಲಾ. ಒಂದು ಚೀಲ ಜೋಳ ಲಾರಿಗೆ ಹಾಕ್ರಿ, ನಮ್ಮ ಮನೇಲಿ ಸಣ್ಣ ಗಿರಣಿ ಐತೆ.

ಮಿರ್ಚಿಭಜಿ_37:

ಒಂದ್ ಚೀಲ ನಿನಗೂ ತರ್ಲಿ ಅಂತ ಸೀದಾ ಹೇಳಪಾ 😂

ಕಿಲ್ನ್_ಕೊಪ್ಪಳ:

ಎಲ್ರಿಗೂ ಒಂದು ಅಪ್‌ಡೇಟ್. ಮಿರ್ಚಿ ಅಣ್ಣ ಹೇಳಿದಂಗ ಶಿಫ್ಟ್ ಚೇಂಜಿಗೆ ಹೋಗಿ ಗನ್ ಇಸ್ಕೊಂಡು ಸ್ಟೋರ್ ಕೌಂಟರ್ ಮ್ಯಾಲೆ ಇಟ್ಟೆ. ಸ್ಟೋರ್ ಕೀಪರ್ರು ಮೊದ್ಲು ಗೊಣಗಿದ್ರು, ಆಮ್ಯಾಲೆ ರಿಜಿಸ್ಟರ್ ತಗದು ನೋಡಿದ್ರ ಸೀರಿಯಲ್ ನಂಬರ್ ಮ್ಯಾಚ್ ಆಗವಲ್ದು! ರಿಜಿಸ್ಟರ್‌ನ್ಯಾಗ ಇರೋದು ಹಳೇ ಗನ್ನಿನ ನಂಬರ್, ಅದು ಕೆಟ್ಟು ಹೋಗಿ ವರ್ಷಾನುಗಟ್ಟಲೆ ಅಲ್ಲೇ ಅವ್ರ ಹಿಂದಿನ ರ‍್ಯಾಕ್‌ನ್ಯಾಗ ಬಿದ್ದೈತಿ, ಮ್ಯಾಲೆ ನನ್ನ ಕೈಯಾರ ಬರದ "ಡಿಸ್‌ಪ್ಲೇ ಹೋಗೇತಿ" ಅನ್ನೋ ಚೀಟಿ ಹಂಗ ಐತಿ. ಈಗ ಬಳಸಾಕತ್ತಿದ್ದು ಯಾರ ಹೆಸರಿಗೂ ಇಲ್ಲ. ಅಂದ್ರ ನಾನು ಕೊಡಬೇಕಾಗಿದ್ದು ಮೊದ್ಲ ಅವ್ರ ಹತ್ರನ ಇತ್ತು. ಅವ್ರು ಒಂದು ಮಾತೂ ಆಡಲಿಲ್ಲ, ಸೈನ್ ಹಾಕಿ ಸೀಲ್ ಒತ್ತಿ ಹಾಳಿ ಕೈಗೆ ಕೊಟ್ರು. ಹೊಸ ಹುಡುಗ ಗನ್ ಹಿಡ್ಕೊಂಡು ಶಿಫ್ಟಿಗೆ ಓಡಿದ.

ರಾಯಚೂರು ಎಚ್‌ಆರ್ ಅಕ್ಕಾರ ಹೇಳಿದಂಗ ಸೈಟ್, ಹೆಡ್ ಆಫೀಸ್ ಇಬ್ರನ್ನೂ ಸೇರಿಸಿ ಸಣ್ಣ ಮೇಲ್ ಹಾಕಿದೆ, ಫೋಟೋ ಹಚ್ಚಿದೆ. ಇವತ್ತು ಲೆಟರ್ ಬಂತು! ಆದ್ರ ಅದ್ರಾಗ ಕಡೀ ದಿನದ ತಾರೀಕು ನಾನು ನೋ ಡ್ಯೂಸ್ ಜಮಾ ಮಾಡಿದ ದಿನ ಹಾಕ್ಯಾರ, ಕೆಲ್ಸ ಬಿಟ್ಟ ದಿನ ಅಲ್ಲ. ಹಂಗ ನಡೀತೈತೇನ್ರಿ, ಅಪ್‌ಲೋಡ್ ಮಾಡ್ಲೇನು? ಮತ್ತ ಅವ್ರ ಬೆನ್ನು ಹತ್ತಾಕ ನನಗ ಜೀವ ಇಲ್ಲ.

ಎಚ್‌ಆರ್_ರಾಯಚೂರು:

ಬೇಡ ಬೇಡ, ಮಾಡ್ಬೇಡಿ. ನಿಮ್ಮ ಕೊನೇ ಹಾಜರಿ, ಕೊನೇ ಪಗಾರ, ಕೊನೇ ಪಿಎಫ್ ಕಂತು ಎಲ್ಲಾ ಬಿಟ್ಟ ದಿನಕ್ಕೇ ನಿಂತಿರ್ತವೆ, ಲೆಟರ್ ಮಾತ್ರ ಬೇರೆ ದಿನ ಹೇಳ್ತದೆ. ಪಿಎಫ್ ಎಕ್ಸಿಟನ್ನೂ ಆ ತಪ್ಪು ತಾರೀಕಿಗೇ ಹಾಕಿದ್ರೆ ಇನ್ನೂ ಕಷ್ಟ, ಅಷ್ಟರಲ್ಲಿ ನೀವು ಅಲ್ಲಿ ಸೇರಿಬಿಟ್ಟಿದ್ರೆ ಎರಡು ಕಂಪನಿಯ ಸರ್ವಿಸ್ ಒಂದರ ಮೇಲೊಂದು ಬಂದು ಟ್ರಾನ್ಸ್‌ಫರ್ ಸಿಕ್ಕಿಹಾಕ್ಕೊಳ್ತದೆ. ಅದೇ ಮೇಲ್‌ಗೆ ರಿಪ್ಲೈ ಮಾಡಿ, ರಾಜೀನಾಮೆ ಆಕ್ಸೆಪ್ಟ್ ಮಾಡಿದ ಮೇಲಲ್ಲಿ ಅವ್ರೇ ಬರೆದ ತಾರೀಕು ತೋರಿಸಿ, ಇದನ್ನ ತಿದ್ದಿ ಕಳಿಸಿ ಅಂತ ಒಂದೇ ಸಾಲು. ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂಗೇ ಇದೆಯಾ, ಹುದ್ದೆ ಸರಿ ಇದೆಯಾ ಅದೂ ಈಗ್ಲೇ ನೋಡ್ಕೊಳ್ಳಿ, ಎಲ್ಲಾ ಒಂದೇ ಸಲ ತಿದ್ದಿಸಿ. ಲೆಟರ್ ಸಿಸ್ಟಮ್ಮಲ್ಲಿ ಒಮ್ಮೆ ತಯಾರಾಗಿದೆ ಅಂದ್ರೆ ತಿದ್ದೋದು ಹೊಸದು ಮಾಡಿದಷ್ಟು ತಡ ಆಗಲ್ಲ.

ಕಿಲ್ನ್_ಕೊಪ್ಪಳ:

ಹುದ್ದೆನೂ ತಪ್ಪೈತ್ರಿ ಅಕ್ಕಾರ, ಶಿಫ್ಟ್ ಇನ್‌ಚಾರ್ಜ್ ಬದ್ಲಿ ಬರೇ ಆಪರೇಟರ್ ಅಂತ ಐತಿ, ಸೇರಿದಾಗಿಂದು. ನೀವು ಹೇಳಿದ್ದಕ್ಕ ನೋಡಿದೆ. ಪ್ರಮೋಷನ್ ಲೆಟರ್ ಹುಡುಕಿ ಅದನ್ನೂ ಹಚ್ಚಿ ಈಗ ಮೇಲ್ ಹಾಕೀನಿ. ಹೊಸ ಕಂಪನಿಯವ್ರು ಅಂಡರ್‌ಟೇಕಿಂಗ್ ಮ್ಯಾಲೆ ಸೇರಿಸ್ಕೊಳ್ತೀವಿ ಅಂತ ಮೇಲ್‌ನ್ಯಾಗ ಒಪ್ಯಾರ, ಹಂಗಾಗಿ ಜೋಡಿ ಟಿಕೆಟ್ ಮಾಡ್ಸೀನಿ, ಎರಡೂ ಆಷಾಢದ ಮೊದ್ಲ. ನಾಳೆ ಎಸಿ ಆಫೀಸಿಗೆ ಹೋಗೋದೈತಿ. ಜಾಜ್‌ಪುರ ಅಣ್ಣ, ಜೋಳ ಬಿಳಿ ಜೋಳನ ತರ್ಲೇನು?

ಜಾಜ್‌ಪುರ_ಜೋಳದರೊಟ್ಟಿ:

ಬಿಳಿ ಜೋಳನೇ ತರ್ರಿ. ಲಾರಿಯವ್ನಿಗೆ ಮಳೆ ಶುರು ಆಗೈತೆ ಅಂತ ಹೇಳಿ ತಾಡಪಾಲ ಎರಡು ಹಾಕಿಸ್ರಿ.